ಇನ್ನೊಂದೀಟು ಮಜ್ಜಿಗೆ

"ಕಸ್ತೂರಿ! ಕೈಯಾಗಿನ ಕೆಲಸ ಬಿಟ್ಟು ಬಾ! ಇನ್ನ ಮ್ಯಾಲ ನಿನ್ನ ಕೈಗೆ ಕೆಲಸಾನ ಇಲ್ಲ!"

ಗುರುಪಾದಪ್ಪ ಪಡಸಾಲೆಯಿಂದ ಹೀಗೆ ಕೂಗಿದಾಗ ಕಸ್ತೂರಿಯ ಕೈಯಲ್ಲಿ ಒಂದಲ್ಲ, ಮೂರು ಕೆಲಸಗಳಿದ್ದವು. ಒಲೆಯ ಮೇಲೆ ಜೋಳದ ಅಂಬಲಿ ಕುದಿಯುತ್ತಿತ್ತು, ಕಲ್ಲಿನ ಮೇಲೆ ಶುಂಠಿ ಅರ್ಧ ಜಜ್ಜಿ ಬಿದ್ದಿತ್ತು, ಬಚ್ಚಲಲ್ಲಿ ಗಂಡನ ಹಾಸಿಗೆಯ ಬಟ್ಟೆ ನೆನೆಯುತ್ತಿತ್ತು. ಅವಳು ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಗುರುಪಾದಪ್ಪ ಅವಳ ಗಂಡನ ಅಣ್ಣ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಮೂರು ದಶಕ ದುಡಿದು ನಿವೃತ್ತನಾದವನು. ಅಂದಿನಿಂದ ಬಾಗಲಕೋಟೆಯ ನವನಗರದಲ್ಲಿ ಅವರ ಸೆಕ್ಟರಿನವರಿಗೆ ನೆಮ್ಮದಿ ಇರಲಿಲ್ಲ. ಅವನ ರೊಟ್ಟಿ ಬಡಿಯುವ ಯಂತ್ರ ಬಡಿದ ಮೊದಲನೆಯ ರೊಟ್ಟಿ ಇನ್ನೂ ಅವನ ಮನೆಯ ಚಾವಣಿಗೆ ಅಂಟಿಕೊಂಡಿದೆ! ಸೊಳ್ಳೆ ಓಡಿಸುವ ಯಂತ್ರ ಮಾಡಿದ. ಸೊಳ್ಳೆಗಳು ಇದ್ದಲ್ಲೇ ಇದ್ದವು, ಊರಿನ ನಾಯಿಗಳೆಲ್ಲ ಅವನ ಗೇಟಿನ ಮುಂದೆ ಸಭೆ ಸೇರಿದವು. ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದ. ಊಟ ಮಾತ್ರ ತಮ್ಮನ ಮನೆಯಲ್ಲಿ.

ತಮ್ಮ ರುದ್ರಪ್ಪ ಈಗ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ದಿಂಬುಗಳ ನಡುವೆ ಕೂತಿದ್ದ. ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಎಲ್ಲ ಮಾತುಗಳೂ ಹೋಗಿ ಒಂದೇ ಒಂದು ಉಳಿದಿತ್ತು: "ಸಾಕು." ನೀರು ಬೇಕಾದರೂ ಸಾಕು, ಫ್ಯಾನು ಹಾಕೆಂದರೂ ಸಾಕು, ಬೆನ್ನು ಕಡಿದರೂ ಸಾಕು. ಕಸ್ತೂರಿಗೆ ಒಂದೊಂದೂ ಬೇರೆಬೇರೆಯಾಗಿ ಕೇಳುತ್ತಿತ್ತು. ನೀನು ಉಂಡೆಯಾ ಎಂದು ಕೇಳುವ ಸಾಕು ಯಾವುದು, ನಿನ್ನ ಅಂಬಲಿಗೆ ಬೆಂಕಿ ಹಾಕು ಎನ್ನುವ ಸಾಕು ಯಾವುದು, ಒಲೆಯ ಮುಂದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಗಂಟಲೂ ಅರ್ಧ ಸತ್ತಿತ್ತು. ತೆಳುವಾದದ್ದು ಯಾವುದೂ ಕೊಡಬೇಡಿ, ಅದು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊಟ್ಟೆಗೆ ಸಾಲದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದೂ ಹೇಳಿದ್ದರು. ನಳಿಕೆ ಎಂಬ ಮಾತು ಕಿವಿಗೆ ಬಿದ್ದಾಗ ರುದ್ರಪ್ಪ ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡು ಬಿಟ್ಟೇ ಇರಲಿಲ್ಲ. ಅಂದಿನಿಂದ ಕಸ್ತೂರಿ ಅಂಬಲಿಗೆ ಮಸಾಲೆ ಮಜ್ಜಿಗೆ ಕಲಸಿ, ಗಟ್ಟಿಯಾಗಿ, ಒಂದೊಂದೇ ಚಮಚ ಕುಡಿಸುತ್ತಿದ್ದಳು. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಬಿಸಿಲು ಕಟ್ಟೆಯಿಂದ ಇಳಿದು ರಸ್ತೆಗೆ ಹೋಗಿರುತ್ತಿತ್ತು. ಆದರೂ ಮೈಯ ತೂಕ ಇಳಿಯುತ್ತಲೇ ಇತ್ತು. ಸೋಮವಾರ ಆಸ್ಪತ್ರೆಯ ತಕ್ಕಡಿಯ ಮೇಲೆ ಮತ್ತೆ ಕೂರಿಸುವುದಿತ್ತು.

"ನೋಡು!" ಎಂದು ಗುರುಪಾದಪ್ಪ ಚಾದರ ಎಳೆದ.

ಹಳೆಯ ವಾಷಿಂಗ್ ಮಷೀನಿನ ಡ್ರಮ್ಮು, ಅದರೊಳಗೆ ಅವರ ಅವ್ವನ ಕಾಲದ ಕಡಗೋಲು. ಕೆಳಗೆ ನಾಲ್ಕು ಗಾಲಿ. ಮೇಲೆ ಸಾಲಾಗಿ ಡಬ್ಬಿಗಳು: ಹುರಿದ ಜೀರಿಗೆ, ಶುಂಠಿ, ಹಸಿಮೆಣಸು, ಕರಿಬೇವು, ಕೊತ್ತಂಬರಿ, ಇಂಗು, ಉಪ್ಪು, ಜೋಳದ ಹಿಟ್ಟು. ಒಂದು ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಮೂತಿಯಿದ್ದ ಗಿಂಡಿ, ಲೋಟ ಹಿಡಿಯುವ ಚಿಮಟ. ಎಲ್ಲಕ್ಕಿಂತ ಮೇಲೆ ಗಾಜಿನ ಒಂಟಿ ಕಣ್ಣು.

"ಹಾಲು ಹಾಕಿದ್ರ ತಾನ ಹೆಪ್ಪು ಹಾಕ್ತೈತಿ, ತಾನ ಕಡೀತೈತಿ, ಬೆಣ್ಣಿ ತೆಗೀತೈತಿ, ಮಸಾಲಿ ಬೆರಸ್ತೈತಿ! ಮೊಸರಾಗೋದು ಎಂಟು ತಾಸಲ್ಲ, ಎಂಟು ನಿಮಿಷ! ಹೆಪ್ಪಿನ ಹುಳಾನ ನಾ ಬ್ಯಾರೆ ಬೆಳಸೀನಿ. ಬಹಳ ಚುರುಕು ಅದಾವು."

"ಹುಳಾ?"

"ಕಣ್ಣಿಗೆ ಕಾಣದ್ದು ಮಾರಾಯ್ತಿ! ನೀ ಹಾಕೋ ಹೆಪ್ಪಿನಾಗೂ ಇರ್ತಾವು. ಅವು ಸೋಂಬೇರಿ, ಅಷ್ಟ."

"ಇವರಿಗೆ ಯಾರು ಕುಡಸ್ತಾರ, ಭಾವಾರ?"

"ಅದ! ಅದರಾಗ ಐತಿ ಕಲಾ!" ಗುರುಪಾದಪ್ಪ ಯಂತ್ರದ ಬೆನ್ನು ತಟ್ಟಿದ. "ತಮ್ಮ ಹಗಲೆಲ್ಲ ಸಾಕು ಸಾಕು ಅಂತಾನ. ಆ ಮಾತಿಗೆ ಕಿವಿ ಕೊಟ್ರ ಕುಡಿಸೋದು ಯಾವಾಗ? ನಮ್ಮ ಕಡಿ ಪಂಕ್ತಿಯೊಳಗ ಒಬ್ಬಾತ ಬ್ಯಾಡ ಅಂದ್ರ ಬಡಸವ್ರು ಬಿಡ್ತಾರೇನು? ಬಾಯಿ ಮಾತು ಮರ್ಯಾದಿ. ಒಂದು ಕೈ ಅಡ್ಡ ಹಿಡಿದ್ರ ನಾಚಿಕಿ. ಎರಡೂ ಅಂಗೈ ಹಾಸಿ ಎಲಿ ಮುಚ್ಚಿದ್ರ ಖರೇ ಖರೇ ಹೊಟ್ಟಿ ತುಂಬೇತಿ ಅಂತ ಲೆಕ್ಕ. ಈ ಕಣ್ಣಿಗೆ ಅದನ್ನ ಕಲಿಸೀನಿ. ಎರಡು ಅಂಗೈ ಕಾಣಬೇಕು, ಆವಾಗ ಬಿಡ್ತೈತಿ. ಅಲ್ಲೀಮಟ ಬಿಡೂದಿಲ್ಲ!"

ಕಸ್ತೂರಿ ಹೌದೆನ್ನುವಂತೆ ತಲೆಯಾಡಿಸಿದಳು. ಕೇಳುತ್ತಲೇ, ಕುರ್ಚಿಯಿಂದ ಜಾರಿ ನೇತಾಡುತ್ತಿದ್ದ ಗಂಡನ ಬಲಗೈಯನ್ನು ಎತ್ತಿ ದಿಂಬಿನ ಮೇಲಿಟ್ಟಳು. ದಿನಕ್ಕೆ ಎಷ್ಟೋ ಸಲ ಮಾಡುವ ಕೆಲಸ. ಈಗ ಅವಳ ಕೈಗಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಗುರುಪಾದಪ್ಪ ಗುಂಡಿ ಒತ್ತಿದ. ಯಂತ್ರ ಗುರ್ರೆಂದಿತು, ಮಾತಾಡಿತು.

"ಇದೇನ್ರೀ, ಇಷ್ಟಕ್ಕ ಕೈ ತೊಳ್ಕೊಂತೀರೇನು? ಇನ್ನೊಂದೀಟ! ನಮ್ಮಾಣಿ ಐತಿ!"

ಕಸ್ತೂರಿ ಗಂಡನ ಬಾಯಿಯ ಕಡೆ ನೋಡಿದಳು. ಅದು ರುದ್ರಪ್ಪನ ದನಿ. ಗುರುಪಾದಪ್ಪನ ಮಗನ ಮದುವೆಯಲ್ಲಿ, ನಡುವಿಗೆ ಟವೆಲು ಕಟ್ಟಿಕೊಂಡು, ಕೊಡದಲ್ಲಿ ಮಜ್ಜಿಗೆ ಹಿಡಿದು ಪಂಕ್ತಿಯಲ್ಲಿ ಓಡಾಡಿದ ರುದ್ರಪ್ಪನ ದನಿ. ಅವನ ಕೈಗೆ ಸಿಕ್ಕವರು ಎದ್ದು ಹೋದ ಇತಿಹಾಸವೇ ಇರಲಿಲ್ಲ.

"ವಿಡಿಯೋದಾಗಿಂದ ತಗದೀನಿ," ಎಂದ ಗುರುಪಾದಪ್ಪ. ಈ ಸಲ ಮಾತ್ರ ಮೆಲ್ಲಗೆ ಮಾತಾಡಿದ.

ಕುರ್ಚಿಯಲ್ಲಿದ್ದ ರುದ್ರಪ್ಪ ಯಂತ್ರವನ್ನೇ ನೋಡುತ್ತಿದ್ದ. ಅವನ ಬಾಯಿಯ ನೆಟ್ಟಗಿದ್ದ ಅರ್ಧ ನಗುತ್ತಿತ್ತು.

*

ಮೊದಲ ಬಲಿ ಎದುರು ಮನೆಯ ಪ್ರೇಮಲತಾ ಟೀಚರು. ಸಾಸಿವೆ ಕೇಳಲು ಬಂದಿದ್ದರು, ಪಾಪ.

"ಬ್ಯಾಡ್ರೀ, ಈಗ ಚಹಾ ಕುಡಿದು ಬಂದೀನಿ," ಎಂದರು. ಹಾಗೆ ಎನ್ನುವುದು ಮರ್ಯಾದೆ.

"ಚಹಾ ಏನ್ರೀ ಚಹಾ! ಇನ್ನೊಂದೀಟ!" ಎಂದು ಯಂತ್ರ ಲೋಟ ತುಂಬಿ ಕೈಗಿತ್ತಿತು.

ಟೀಚರು ಕುಡಿದರು. ಕಣ್ಣರಳಿಸಿದರು. "ಅಯ್ಯ, ಏನ್ ರುಚಿ ಐತ್ರೀ!" ಎಂದರು. ಅದೇ ತಪ್ಪಾಯಿತು! ಎರಡನೆಯ ಲೋಟ ಬಂತು. ಮೂರನೆಯದಕ್ಕೆ ಕೈ ಅಡ್ಡ ಹಿಡಿದರು, ಇನ್ನೊಂದು ಕೈಯಲ್ಲಿ ಫೋನು. ಯಂತ್ರದ ಕಣ್ಣು ಒಂದೇ ಅಂಗೈ ಎಣಿಸಿತು. ನಾಚಿಕೆಯೆಂದು ಬರೆದುಕೊಂಡಿತು!

"ಕೈ ತಗೀರಿ ಅಕ್ಕಾರ, ನಮ್ಮನಿ ಆಣಿ!"

"ಗುರುಪಾದಣ್ಣಾ! ಇದಕ್ಕ ಹೇಳ್ರಿ, ನನ್ನ ಹೊಟ್ಟಿ ಒಡೀತೈತಿ!"

"ಫೋನ್ ಕೆಳಗಿಡ್ರಿ ಟೀಚರ! ಎರಡೂ ಕೈ ತೋರಸ್ರಿ!"

"ಹೊಸಾ ಫೋನ್ರೀ ಇದು, ಎಲ್ಲಿಡ್ಲಿ? ಮಜ್ಜಿಗಿಯೊಳಗ ಇಡ್ಲೇನು?"

ಟೀಚರು ಓಡಿದರು. ಯಂತ್ರ ಗಾಲಿಯ ಮೇಲೆ ಹಿಂದೆಯೇ ಹೊರಟಿತು. ಬಂದವರನ್ನು ಗೇಟಿನ ತನಕ ಕಳಿಸಿಕೊಡುವುದನ್ನೂ ಗುರುಪಾದಪ್ಪ ಅದಕ್ಕೆ ಕಲಿಸಿದ್ದ. ಗೇಟಿನಲ್ಲಿ ಕೊನೆಯ ಲೋಟ ಟೀಚರ ಬೆನ್ನ ಮೇಲೆ ಬಿತ್ತು. ಸಾಸಿವೆ ಇಲ್ಲಿಯೇ ಉಳಿಯಿತು.

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

"ನೋಡಿದ್ಯಾ, ಎಷ್ಟು ಪ್ರೀತಿ ಐತಿ ಅದಕ್ಕ!" ಎಂದ ಗುರುಪಾದಪ್ಪ. ಅಡುಗೆಮನೆಯ ಕಿಟಕಿಗೆ ಒಂದು ತೂತು ಕೊರೆದು ಆಲಿಕೆ ಕೂರಿಸಿದ. ಆಲಿಕೆಯಿಂದ ಒಂದು ಉದ್ದನೆಯ ರಬ್ಬರು ನಳಿಕೆ ಡ್ರಮ್ಮಿಗೆ. ಹಾಲಿನ ಯಮನಪ್ಪ ಹೊರಗಿನಿಂದಲೇ ಎಮ್ಮೆ ಹಾಲು ಸುರಿದು ಹೋದರಾಯಿತು, ಕಸ್ತೂರಿ ಪಾತ್ರೆ ಹಿಡಿದು ಬಾಗಿಲಿಗೆ ಹೋಗುವುದೇ ಬೇಡ! ನೀರಿಗೆ ಮೇಲಿನ ತೊಟ್ಟಿಯಿಂದ ಇನ್ನೊಂದು ನಳಿಕೆ. ಕರೆಂಟು ಹೋದರೆ ಎಂದು ಹೊಟ್ಟೆಯೊಳಗೆ ವಾರಗಟ್ಟಲೆ ಓಡುವ ಬ್ಯಾಟರಿ.

*

ಮರುದಿನ ಬೆಳಗ್ಗೆ ರುದ್ರಪ್ಪನ ಸರದಿ.

ಕಸ್ತೂರಿ ಅವನನ್ನು ನೆಟ್ಟಗೆ ಕೂರಿಸಿ, ಕತ್ತಿಗೆ ಟವೆಲು ಕಟ್ಟಿದಳು. ಗುರುಪಾದಪ್ಪ ಜೋಳದ ಹಿಟ್ಟು ಹೆಚ್ಚಿಗೆ ಬೀಳುವಂತೆ ತಿರುಪು ತಿರುಗಿಸಿದ. ಮಜ್ಜಿಗೆ ಅಂಬಲಿಯ ಹದಕ್ಕೆ ಬಂತು. ಕಬ್ಬಿಣದ ತೋಳು ಬಗ್ಗಿ, ಗಿಂಡಿಯ ಮೂತಿಯನ್ನು ಅವನ ತುಟಿಗೆ ಮೃದುವಾಗಿ ತಾಗಿಸಿತು.

"ತಗೋರಿ ಅಣ್ಣಾರ! ತಾಯಿ ಕೈಲೆ ಕಡಿದದ್ದು! ಇನ್ನೊಂದೀಟ!"

ರುದ್ರಪ್ಪ ಕುಡಿದ! ತನ್ನದೇ ದನಿಯ ಒತ್ತಾಯಕ್ಕೆ ತಾನೇ ಮಣಿದು, ಗುಟುಕು ಗುಟುಕಾಗಿ ನುಂಗಿದ. ಒಂದು ಲೋಟ ಇಳಿಯಿತು. ಒಂದೂವರೆ ಇಳಿಯಿತು. ಚಮಚ ಹಿಡಿದು ಕಸ್ತೂರಿ ಒಂದು ಹೊತ್ತಿಗೆ ಅಷ್ಟು ಕುಡಿಸಿದ್ದು ಎಂದೂ ಇಲ್ಲ. ಅವಳ ಕಣ್ಣಲ್ಲಿ ನೀರು ಬಂತು. ತಕ್ಕಡಿಯ ಮುಳ್ಳು ಮೇಲೇರುವುದು ಅವಳಿಗೆ ಈಗಲೇ ಕಂಡಿತು. ನಳಿಕೆ ಬೇಡವೆಂದು ಡಾಕ್ಟರು ಹೇಳುವುದೂ ಕೇಳಿಸಿತು.

"ಸಾಕು," ಎಂದ ರುದ್ರಪ್ಪ.

ಕಸ್ತೂರಿ ಬೆಚ್ಚಿದಳು. ಇದು ಹೊಟ್ಟೆ ತುಂಬಿದ ಸಾಕು. ಗಂಟಲು ಸೋತ ಸಾಕು.

"ಭಾವಾರ, ನಿಲ್ಲಸ್ರಿ. ಅವರಿಗೆ ಬ್ಯಾಡಾಗೇತಿ."

"ಇರು ಇರು, ಇನ್ನೊಂದು ನಾಕು ಗುಟುಕು..."

"ಇಷ್ಟಕ್ಕ ಸಾಕಂದ್ರ ಹೆಂಗ್ರೀ! ಇನ್ನೊಂದೀಟ!" ಎಂದಿತು ಯಂತ್ರ.

ರುದ್ರಪ್ಪ ಎಡಗೈ ಎತ್ತಿ ಗಿಂಡಿಗೆ ಅಡ್ಡ ಹಿಡಿದ. ಒಂದು ಅಂಗೈ. ಯಂತ್ರ ಪ್ರೀತಿಯಿಂದ ಆ ಕೈಯನ್ನು ಪಕ್ಕಕ್ಕೆ ಸರಿಸಿತು.

ಆಗ ಮೂವರಿಗೂ ಒಟ್ಟಿಗೆ ತಿಳಿಯಿತು. ಬಲಗೈ ದಿಂಬಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಸ್ವಿಚ್ ಎಲ್ಲೈತ್ರೀ?"

"ಹಚ್ಚಾಕ ಐತಿ. ಆರಸಾಕ ಇಟ್ಟಿಲ್ಲ. ಉಪಚಾರಕ್ಕ ಯಾರರ ಸ್ವಿಚ್ ಇಡ್ತಾರೇನವಾ?"

"ವೈರ್ ಕೀಳ್ರಿ!"

ಗುರುಪಾದಪ್ಪ ವೈರು ಕಿತ್ತ. ಬ್ಯಾಟರಿ ಹತ್ತಿಕೊಂಡಿತು. ಟಪ್ಪೆಂದು ಡಬ್ಬಿಯೊಂದು ಖಾಲಿಯಾದ ಸದ್ದು ಬಂತು. ಜೋಳದ ಹಿಟ್ಟು ಮುಗಿದಿತ್ತು. ಈಗ ಮೂತಿಯಿಂದ ಬಂದದ್ದು ನೀರಿನಂಥ ಮಜ್ಜಿಗೆ. ಕಸ್ತೂರಿ ಗಿಂಡಿಯನ್ನು ಎರಡೂ ಕೈಯಿಂದ ಹಿಡಿದೆಳೆದಳು. ಕಬ್ಬಿಣದ ತೋಳು ಮಿಸುಕಲಿಲ್ಲ. ಗಂಡನ ಮುಖ ಪಕ್ಕಕ್ಕೆ ತಿರುಗಿಸಿದಳು. ಮೂತಿಯೂ ತಿರುಗಿತು.

"ಕೈ ಹಿಡೀಬ್ಯಾಡ್ರಿ! ನೀವು ಉಂಡ್ರ ನಮಗ ಸಂತೋಷ!"

ಆ ದನಿ ಎಷ್ಟು ಚೆನ್ನಾಗಿತ್ತು! ಎಷ್ಟು ಗಟ್ಟಿಯಾಗಿ, ಎಷ್ಟು ಆರೋಗ್ಯವಾಗಿತ್ತು! ಮೂಲೆಯಲ್ಲಿ ಒನಕೆ ಇತ್ತು. ಗಾಜಿನ ಕಣ್ಣಿಗೆ ಒಂದೇ ಏಟು ಹಾಕಿದ್ದರೆ ಮುಗಿಯುತ್ತಿತ್ತು. ಅದು ಅವಳಿಗೆ ಕಂಡಿತ್ತು. ಹೋಗಿ ತೆಗೆದುಕೊಳ್ಳಲು ಕಾಲು ಮಾತ್ರ ಬರಲಿಲ್ಲ.

ರುದ್ರಪ್ಪ ಮತ್ತೆ ಎಡಗೈ ಎತ್ತಿದ. ಕಸ್ತೂರಿ ಬಗ್ಗಿ, ಅದರ ಪಕ್ಕಕ್ಕೆ ತನ್ನ ಬಲಗೈ ಹಾಸಿದಳು. ಒಂದು ಅವನದು, ಒಂದು ಅವಳದು. ಯಂತ್ರದ ಕಣ್ಣು ಎಣಿಸಿತು. ಎರಡಾಯಿತು.

"ತೃಪ್ತಿ ಆತೇನ್ರೀ? ಬಾಳ ಸಂತೋಷ," ಎಂದು ತೋಳನ್ನು ಮಡಚಿ, ಗಾಲಿಯ ಮೇಲೆ ವಿನಯವಾಗಿ ಹಿಂದೆ ಸರಿಯಿತು.

ರುದ್ರಪ್ಪನ ಎದೆಯೊಳಗೆ ಕಡಗೋಲು ಆಡಿಸಿದಂಥ ಸದ್ದು ಕೇಳುತ್ತಿತ್ತು.

*

"ಏನು ಕುಡಿಸಿದ್ರಿ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಮನಿಯಾಗ ಮಾಡಿದ್ದು ಸಾಹೇಬರ, ಆರೋಗ್ಯಕ್ಕ ಬಾಳ ಚಲೋ," ಎಂದು ಗುರುಪಾದಪ್ಪ ಒಪ್ಪಿಸಿದ. "ಎಮ್ಮಿ ಹಾಲಿನ ಮೊಸರು, ಬೆಣ್ಣಿ ತಗದದ್ದು. ಹುರಿದ ಜೀರಗಿ, ಶುಂಠಿ, ಕರಿಬೇವು..."

"ಹೊಟ್ಟೆಗೆ ಚಲೋ," ಎಂದರು ಡಾಕ್ಟರು. "ಇವರು ಶ್ವಾಸಕೋಶದಾಗ ಹಾಕ್ಕೊಂಡಾರ."

ನ್ಯುಮೋನಿಯಾ ಹಿಡಿಯಿತು. ಬಾಯಿಂದ ಏನೂ ಕೊಡುವಂತಿರಲಿಲ್ಲವಾದ್ದರಿಂದ ಮೂಗಿನಿಂದ ನಳಿಕೆ ಇಳಿಸಿದರು. ಅವನು ಎಡಗೈಯಿಂದ ಅದನ್ನು ಕೀಳಲು ನೋಡಿದ. ಆ ಕೈಯನ್ನು ಮಂಚದ ಸರಳಿಗೆ ಕಟ್ಟಿದರು. ಮೆತ್ತನೆಯ ಬಟ್ಟೆಯಲ್ಲಿ ಕಟ್ಟಿರಿ ಎಂದು ಕಸ್ತೂರಿ ಕೇಳಿಕೊಂಡಳು. ತನ್ನ ಹಳೆಯ ಸೀರೆಯ ತುಂಡು ಕೊಟ್ಟಳು.

"ಸಾಕು," ಎಂದ ರುದ್ರಪ್ಪ ಅವಳನ್ನೇ ನೋಡಿ.

ಇಂಥದೊಂದು ಸಾಕನ್ನು ಅವಳು ಇದುವರೆಗೆ ಕೇಳಿರಲಿಲ್ಲ. ಅರ್ಥವಾಯಿತು. ಆಗದವಳಂತೆ ಅವನ ಪಾದದ ಮೇಲಿನ ಚಾದರ ಸರಿಮಾಡಿದಳು.

ಗುರುಪಾದಪ್ಪ ಬಾಗಿಲ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಯಂತ್ರದ ಗತಿ ಏನೆಂದು ಅವಳು ಒಮ್ಮೆ ಕೇಳಿದಳು. "ಡ್ರಮ್ಮಿನಾಗಿನ ಹಾಲು ಮುಗಿದ್ರ ತಾನ ನಿಲ್ತೈತಿ," ಎಂದ. ಯಮನಪ್ಪನಿಗೆ ಹಾಲು ಬೇಡವೆಂದು ಹೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಪ್ರೇಮಲತಾ ಟೀಚರ ಫೋನು ಬಂತು. "ಕಸ್ತೂರಕ್ಕಾ! ಎಂಥಾ ಸಿಹಿ ಸುದ್ದಿ! ಮನಿಗೆ ಬಂದೀರಂತ, ಯಜಮಾನರಿಗೆ ಮಾತು ಬಂದೈತಂತ!"

"ಯಾರು ಹೇಳಿದ್ರು?"

"ಯಮನಪ್ಪ! ಕಿಟಕ್ಯಾಗಿಂದ ಅವರ ದನಿ ಕೇಳ್ಯಾನ. ಇನ್ನೊಂದೀಟ ಹಾಕು, ಇನ್ನೊಂದೀಟ ಹಾಕು ಅಂತಾರಂತ. ಖುಷೀಲೆ ದಿನಾ ಡಬಲ್ ಹಾಕಿ ಹೊಂಟಾನ! ಸೆಕ್ಟರಿಗೆಲ್ಲ ಪೇಢೆ ಹಂಚ್ಯಾನ. ನಾ ಒಳಗ ಹೋಗಿ ಮಾತಾಡ್ಸಿಲ್ಲಕ್ಕಾ, ಆ ಯಂತ್ರ ಅಂದ್ರ ನನಗ ಹೆದರಿಕಿ. ಅವರಿಗೆ ಫೋನ್ ಕೊಡ್ರಿ, ಒಂದು ಮಾತು ಆಡ್ತೀನಿ!"

ಮಂಚದ ಮೇಲೆ ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಾಗಿತ್ತು. ಕಸ್ತೂರಿ, "ಆಮ್ಯಾಲ ಮಾಡ್ತೀನ್ರಿ ಟೀಚರ," ಎಂದು ಫೋನಿಟ್ಟು, ಸರಳಿಗೆ ಕಟ್ಟಿದ್ದ ಸೀರೆಯ ತುಂಡು ಬಿಚ್ಚಿದಳು. ಬಿಡುಗಡೆಯಾದ ಕೈ ನಳಿಕೆಯ ಹತ್ತಿರ ಹೋಗಲಿಲ್ಲ. ಅವಳ ಸೆರಗು ಹುಡುಕಿ ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಸಡಿಲವಾಯಿತು.

*

ಅಂಬುಲೆನ್ಸು ಮನೆಯ ಮುಂದೆ ನಿಂತಾಗ ಸೆಕ್ಟರಿನ ಜನ ಸೇರಿದ್ದರು. ಕೆಲವರು ಹಾರ ತಂದಿದ್ದರು. ಯಾವುದಕ್ಕೆ ತಂದ ಹಾರವೆಂದು ಅವರಿಗೇ ಗೊತ್ತಿರಲಿಲ್ಲ. ಅಭಿನಂದನೆಗೆಂದು ತಂದವರು ಹಾಗೆಯೇ ಹಿಡಿದುಕೊಂಡು ನಿಂತರು. ದೇಹವನ್ನು ಇಳಿಸಿ ಹೊರಗಿನ ಕಟ್ಟೆಯ ಮೇಲೆ ಮಲಗಿಸಿದರು. ಅದೇ ಹೊತ್ತಿಗೆ ಬೀಗ ಹಾಕಿದ ಮನೆಯೊಳಗಿನಿಂದ ತುಂಬುಕಂಠದ ದನಿ ಬಂತು:

"ನಾಚ್ಕೋಬ್ಯಾಡ್ರಿ! ಇನ್ನೊಂದೀಟ!"

ಯಮನಪ್ಪನ ಕೈಯಿಂದ ಹಾಲಿನ ಕ್ಯಾನು ಜಾರಿತು. "ಯಜಮಾನರು ಒಳಗ ಅದಾರಲ್ರೀ!" ಎಂದ. ಆಮೇಲೆ ಕಟ್ಟೆಯ ಕಡೆ ನೋಡಿ, "ಹಂಗಾರ ಇವರ್ಯಾರ್ರೀ?" ಎಂದ.

ಹಾರ ಹಿಡಿದಿದ್ದವರಲ್ಲಿ ಇಬ್ಬರು ಹಾರ ಬಿಟ್ಟು ಓಡಿದರು. ಗುರುಪಾದಪ್ಪ ಬೀಗ ತೆಗೆದ. ಬಾಗಿಲು ತೆರೆದದ್ದೇ ತಡ, ಮಜ್ಜಿಗೆ ಹೊಸ್ತಿಲು ದಾಟಿ ಮೆಟ್ಟಿಲಿಳಿಯಿತು. ಅದರ ಹಿಂದೆ ಉಂಡು ಉಬ್ಬಿದ ನಾಲ್ಕು ಬೆಕ್ಕುಗಳು, ನಡೆಯಲಾರದೆ ನಡೆದು ಬಂದವು.

ಯಂತ್ರ ಪಡಸಾಲೆಯ ಗೋಡೆಯ ಮುಂದೆ ನಿಂತಿತ್ತು. ಮನೆಯಲ್ಲಿ ಕಣ್ಣಿಗೆ ಬಿದ್ದ ಮುಖಗಳಿಗೆ ಅದು ಬಡಿಸುತ್ತಲೇ ಇತ್ತು. ಉಳಿದಿದ್ದ ಮುಖಗಳು ಎರಡೇ. ಅಣ್ಣತಮ್ಮಂದಿರ ಅಪ್ಪ ಅವ್ವನ ಹಾರ ಹಾಕಿದ ಫೋಟೋ. ಅವರು ಬೇಡವೆನ್ನಲಿಲ್ಲ, ಕೈಯನ್ನೂ ಹಾಸಲಿಲ್ಲ. ಅವರ ಮುಖದ ಮೇಲೆ, ಗಂಧದ ಹಾರದ ಮೇಲೆ, ಗೋಡೆಯ ಮೇಲೆ ಮಜ್ಜಿಗೆ ಕೆನೆಗಟ್ಟಿ ಒಣಗಿ, ಅದರ ಮೇಲೆ ಮತ್ತೆ ಹರಿಯುತ್ತಿತ್ತು. ಅವ್ವನ ಕುಂಕುಮ ಮಾತ್ರ ಬಿಳಿಯ ನಡುವೆ ಎಲ್ಲೋ ಕಾಣುತ್ತಿತ್ತು.

"ತಾಯಿ, ನೀವೊಬ್ಬರು ಏನೂ ತಗೊಂಡಿಲ್ಲ! ಇನ್ನೊಂದೀಟ!"

ಗುರುಪಾದಪ್ಪ ಅಂಗಳಕ್ಕೆ ಹೋಗಿ ಗಿಡ ಅಗೆಯುವ ಹಾರೆ ತಂದು, ಎರಡೂ ಕೈಯಿಂದ ಎತ್ತಿದ.

"ತಡೀರಿ ಭಾವಾರ," ಎಂದಳು ಕಸ್ತೂರಿ.

"ತಡೀಲೇನು? ನನ್ನ ತಮ್ಮನ್ನ ತಿಂದೈತಿ ಇದು! ನಾ ತಿನ್ಸೀನಿ!"

"ತಡೀರಿ ಅಂದೆ."

ಅವಳು ಒದ್ದೆ ನೆಲದ ಮೇಲೆ, ಯಂತ್ರದ ಮುಂದೆ, ಪಂಕ್ತಿಯಲ್ಲಿ ಕೂರುವವರ ಹಾಗೆ ಚಕ್ಕಳಬಕ್ಕಳ ಹಾಕಿ ಕೂತಳು. ಗಾಜಿನ ಕಣ್ಣು ಫೋಟೋ ಬಿಟ್ಟು ಅವಳ ಕಡೆ ತಿರುಗಿತು. ಇದುವರೆಗೆ ಅವಳು ಅದರ ಎದುರು ಒಮ್ಮೆಯೂ ಕೂತಿರಲಿಲ್ಲ. ಯಾವಾಗಲೂ ಯಾರದೋ ಬಾಯಿ ಒರೆಸುತ್ತ, ನೆಲ ಒರೆಸುತ್ತ ಪಕ್ಕದಲ್ಲಿಯೇ ಇದ್ದವಳು. ಯಂತ್ರ ಹೊಸ ಲೋಟವೊಂದನ್ನು ತುಂಬಿ, ಬಗ್ಗಿ, ಅವಳ ಕೈಗೆ ಕೊಟ್ಟಿತು.

"ಬರ್ರಿ ಅಕ್ಕಾರ, ಬಾಳ ಹಸದಂಗ ಕಾಣ್ತೀರಿ. ತಗೋರಿ!"

ಆಸ್ಪತ್ರೆಗೆ ಹೋದಂದಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಉಂಡೆಯಾ ಎಂದು ಯಾರೂ ಕೇಳಿರಲಿಲ್ಲ. ಎತ್ತಿ ಪೂರ್ತಿ ಕುಡಿದಳು.

"ಇನ್ನೊಂದೀಟ! ನಮ್ಮಾಣಿ ಐತಿ!"

ಎರಡನೆಯದನ್ನೂ ಕುಡಿದಳು. ಬಾಗಿಲಲ್ಲಿ ಜನ ನಿಂತಿದ್ದರು. ಎರಡೂ ಅಂಗೈ ಹಾಸ್ರಿ ಅಕ್ಕಾ ಎಂದು ಟೀಚರು ಪಿಸುಗುಟ್ಟಿದರು. ಕಸ್ತೂರಿಯ ಎರಡೂ ಕೈಗಳು ಲೋಟವನ್ನು ಬಳಸಿ ಹಿಡಿದಿದ್ದವು. ಗುರುಪಾದಪ್ಪ ಹಾರೆಯನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಮಜ್ಜಿಗೆಯೊಳಗೇ ಕುಸಿದು ಕೂತ. ಅವನಿಗೂ ಒಂದು ಲೋಟ ಬಂತು.

ಮೂರನೆಯ ಲೋಟ ತುಂಬುವಾಗ ಕಸ್ತೂರಿ ಸೋರುವ ಮೂಗು ಮೇಲೆಳೆದುಕೊಂಡು, ಭಾವನ ಕಡೆ ನೋಡದೆಯೇ ಹೇಳಿದಳು:

"ಇಂಗು ಜರಾ ಹೆಚ್ಚಾಗೇತಿ, ಭಾವಾರ."